ಟೆಕ್ಸಾಸ್ ಹೋಲ್ಡೆಮ್ ಪೋಕರ್: ನಿಯಮದಿಂದ ಲೆಕ್ಕದವರೆಗೆ ಸಮಗ್ರ ಮಾರ್ಗದರ್ಶಿ

ಟೆಕ್ಸಾಸ್ ಹೋಲ್ಡೆಮ್ ಎಂಬ ಇಸ್ಪೀಟ್ ಆಟದ ನಿಯಮ ಕಲಿಯಲು ಅರ್ಧ ಗಂಟೆ ಸಾಕು. ನಿಯಮವೆಲ್ಲ ಬಾಯಿಪಾಠವಾದ ಮೇಲೂ ಸೋಲುತ್ತಲೇ ಇರುವವರು ಬೇಕಾದಷ್ಟು ಮಂದಿ. ಅವರು ಕೈಯಲ್ಲಿರುವ ಎಲೆ ನೋಡುತ್ತಾರೆ, ಆ ಎಲೆಗೆ ತಾವು ತೆರುತ್ತಿರುವ ಬೆಲೆ ನೋಡುವುದಿಲ್ಲ. ಮುಂದೆ ಯಾವ ಎಲೆ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ. ಆದರೆ ನಿಮಗೆ ಬೇಕಾದ ಎಲೆ ಬೀಳುವ ಸಾಧ್ಯತೆ ಎಷ್ಟು, ಅದನ್ನು ನೋಡಲು ನಿಮ್ಮಿಂದ ಕೇಳುತ್ತಿರುವ ಚಿಪ್ (ಪಣಕ್ಕಿಡುವ ಬಿಲ್ಲೆ) ಎಷ್ಟು ಎಂಬುದನ್ನು ಕೂತಲ್ಲೇ ಲೆಕ್ಕ ಹಾಕಬಹುದು. ಹೋಲ್ಡೆಮ್ ಕಲಿಯುವುದೆಂದರೆ ಹೆಚ್ಚುಕಡಿಮೆ ಈ ಲೆಕ್ಕ ಕಲಿಯುವುದೇ.

ಆರಂಭದಲ್ಲಿ ಹಣವಿಟ್ಟು ಆಡಬೇಡಿ. ಪ್ಲಾಸ್ಟಿಕ್ ಚಿಪ್ ಇಲ್ಲದಿದ್ದರೆ ಗುಂಡಿಯೋ ಬೆಂಕಿಕಡ್ಡಿಯೋ ಆದೀತು. ಹಣವಿದ್ದರೆ ಕಲಿಯುವವರ ಗಮನವೆಲ್ಲ ಸೋಲು-ಗೆಲುವಿನ ಮೇಲೆ ಹೋಗುತ್ತದೆ, ಲೆಕ್ಕ ಹಿಂದೆ ಬೀಳುತ್ತದೆ. ಹಣದ ಆಟಕ್ಕೆ ಅನ್ವಯಿಸುವ ಕಾನೂನು ಕೂಡ ಎಲ್ಲ ಕಡೆ ಒಂದೇ ರೀತಿ ಇಲ್ಲ.

ಟೆಕ್ಸಾಸ್‌ನ ಶಾಸನಸಭೆ ರಾಬ್ಸ್‌ಟೌನ್ ಎಂಬ ಊರನ್ನು ಈ ಆಟದ ಹುಟ್ಟೂರೆಂದು ಮಾನ್ಯ ಮಾಡಿದೆ. ಲಾಸ್ ವೇಗಸ್‌ನಲ್ಲಿ 1970ರಲ್ಲಿ ಶುರುವಾದ ವರ್ಲ್ಡ್ ಸೀರೀಸ್ ಆಫ್ ಪೋಕರ್ ಪಂದ್ಯಾವಳಿಯಿಂದ ಅದಕ್ಕೆ ಹೆಸರು ಬಂತು. 2003ರಲ್ಲಿ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಆನ್‌ಲೈನ್ ಅರ್ಹತಾ ಪಂದ್ಯದ ಮೂಲಕ ಅಲ್ಲಿಗೆ ಹೋಗಿ, 839 ಮಂದಿಯ ಮುಖ್ಯ ಪಂದ್ಯವನ್ನು ಗೆದ್ದು, 25 ಲಕ್ಷ ಡಾಲರ್ ಪಡೆದ. ವೃತ್ತಿಪರನಲ್ಲದ ಒಬ್ಬ ಹೀಗೆ ಗೆದ್ದದ್ದೇ ಜಗತ್ತಿನ ತುಂಬ ಲಕ್ಷಾಂತರ ಜನ ಹೋಲ್ಡೆಮ್ ಕಲಿಯಲು ಕೂರುವಂತೆ ಮಾಡಿತು.

ಹಂಚುವುದು ಮತ್ತು ನಾಲ್ಕು ಸುತ್ತು

52 ಎಲೆಗಳ ಒಂದು ಕಟ್ಟು, ಜೋಕರ್ ಬೇಡ. ಇಬ್ಬರಿಂದ ಹತ್ತು ಜನರವರೆಗೆ ಆಡಬಹುದು. ಕಲಿಯಲು ಐದಾರು ಜನ ಹದ.

ಒಬ್ಬರ ಮುಂದೆ ಡೀಲರ್ ಬಟನ್ ಇರುತ್ತದೆ. ಪ್ರತಿ ಡೀಲ್ ಮುಗಿದಾಗ ಅದು ಎಡಗಡೆಯವರಿಗೆ ಹೋಗುತ್ತದೆ. ಬಟನ್‌ನ ಎಡಗಡೆಯವರು ಸ್ಮಾಲ್ ಬ್ಲೈಂಡ್, ಅವರ ಎಡಗಡೆಯವರು ಬಿಗ್ ಬ್ಲೈಂಡ್. ಇವರಿಬ್ಬರೂ ಎಲೆ ನೋಡುವ ಮೊದಲೇ ಕಡ್ಡಾಯವಾಗಿ ಚಿಪ್ ಹಾಕಬೇಕು. ಈ ಬರಹದಲ್ಲಿ ಸ್ಮಾಲ್ 5, ಬಿಗ್ 10 ಎಂದು ಇಟ್ಟುಕೊಳ್ಳೋಣ. ಬ್ಲೈಂಡ್ ಇಲ್ಲದಿದ್ದರೆ ಎಲ್ಲರೂ ಎಕ್ಕದ ಜೋಡಿ ಬರುವವರೆಗೆ ಸುಮ್ಮನೆ ಕಾಯುತ್ತಿದ್ದರು, ಆಟವೇ ನಡೆಯುತ್ತಿರಲಿಲ್ಲ.

ಪ್ರತಿಯೊಬ್ಬರಿಗೂ ಎರಡೆರಡು ಎಲೆ ಮುಚ್ಚಿ ಹಂಚುತ್ತಾರೆ. ಬಿಗ್ ಬ್ಲೈಂಡ್‌ನ ಎಡಗಡೆಯವರಿಂದ ಮೊದಲ ಬೆಟ್ ಸುತ್ತು ಶುರು. ಅದು ಮುಗಿದ ಮೇಲೆ ಮೇಜಿನ ನಡುವೆ ಮೂರು ಎಲೆ ತೆರೆದಿಡುತ್ತಾರೆ; ಇದು ಫ್ಲಾಪ್. ಮತ್ತೊಂದು ಸುತ್ತಿನ ನಂತರ ನಾಲ್ಕನೆಯ ಎಲೆ, ಟರ್ನ್. ಇನ್ನೊಂದು ಸುತ್ತು, ಐದನೆಯ ಎಲೆ ರಿವರ್, ಕೊನೆಯ ಸುತ್ತು. ಫ್ಲಾಪ್‌ನಿಂದ ಮುಂದಕ್ಕೆ ಪ್ರತಿ ಸುತ್ತೂ ಬಟನ್‌ನ ಎಡಕ್ಕೆ ಉಳಿದಿರುವ ಮೊದಲಿಗರಿಂದ ಶುರುವಾಗುತ್ತದೆ. ಇಬ್ಬರೇ ಆಡುವಾಗ ಮಾತ್ರ ಬಟನ್ ಇರುವವರೇ ಸ್ಮಾಲ್ ಬ್ಲೈಂಡ್. ಅವರು ಫ್ಲಾಪ್‌ಗೆ ಮೊದಲು ಮುಂದಾಗಿ ಆಡುತ್ತಾರೆ, ಆಮೇಲಿನ ಸುತ್ತುಗಳಲ್ಲಿ ಕೊನೆಗೆ.

ಫ್ಲಾಪ್, ಟರ್ನ್, ರಿವರ್ ತೆರೆಯುವ ಮುನ್ನ ಪ್ರತಿ ಬಾರಿಯೂ ಮೇಲಿನ ಒಂದು ಎಲೆಯನ್ನು ಮುಚ್ಚಿದಂತೆಯೇ ಬದಿಗಿಡಬೇಕು. ಮೇಲಿನ ಎಲೆಯ ಬೆನ್ನಿನಲ್ಲಿ ಗೀರೋ ಗುರುತೋ ಇದ್ದು ಯಾರಾದರೂ ಅದನ್ನು ಮೊದಲೇ ಪತ್ತೆ ಮಾಡಿದ್ದರೂ ಪ್ರಯೋಜನವಾಗಬಾರದು ಎಂಬುದಕ್ಕೆ ಈ ಏರ್ಪಾಟು.

ನಿಮ್ಮ ಸರದಿ ಬಂದಾಗ ಮಾಡಬಹುದಾದದ್ದು ಇಷ್ಟು. ಯಾರೂ ಬೆಟ್ ಮಾಡಿಲ್ಲದಿದ್ದರೆ ಚೆಕ್ ಎಂದು ಸರದಿ ದಾಟಿಸಬಹುದು, ಇಲ್ಲವೇ ಬೆಟ್ ಮಾಡಬಹುದು. ಬೆಟ್ ಆಗಿದ್ದರೆ ಕಾಲ್ ಮಾಡಿ ಸರಿಗಟ್ಟಬಹುದು, ರೇಸ್ ಮಾಡಿ ಹೆಚ್ಚಿಸಬಹುದು, ಫೋಲ್ಡ್ ಮಾಡಿ ಎಲೆ ಬಿಡಬಹುದು. ನೋ-ಲಿಮಿಟ್ ಆಟದಲ್ಲಿ ಮುಂದಿರುವ ಚಿಪ್ ಅಷ್ಟನ್ನೂ ಯಾವಾಗ ಬೇಕಾದರೂ ಹಾಕಬಹುದು; ಇದೇ ಆಲ್-ಇನ್. ಕನಿಷ್ಠ ರೇಸ್‌ನ ಲೆಕ್ಕದಲ್ಲಿ ಹೊಸಬರು ಎಡವುತ್ತಾರೆ: ಹಿಂದಿನವರು ಎಷ್ಟು ಹೆಚ್ಚಿಸಿದರೋ ಕನಿಷ್ಠ ಅಷ್ಟನ್ನು ನೀವೂ ಹೆಚ್ಚಿಸಬೇಕು. ಬ್ಲೈಂಡ್ 10 ಇದ್ದದ್ದನ್ನು ಒಬ್ಬರು 30ಕ್ಕೆ ಏರಿಸಿದರೆ ಹೆಚ್ಚಳ 20, ಹಾಗಾಗಿ ಮುಂದಿನವರ ಕನಿಷ್ಠ ರೇಸ್ 50ಕ್ಕೆ.

ಒಬ್ಬರ ಚಿಪ್ ಮುಗಿದರೆ ಅವರು ತಾವು ಹಾಕಿದಷ್ಟಕ್ಕೆ ಮಾತ್ರ ಹಕ್ಕುದಾರರು. ಒಬ್ಬರು 200ಕ್ಕೆ ಆಲ್-ಇನ್ ಆಗಿ, ಇನ್ನಿಬ್ಬರು ತಲಾ 500 ಹಾಕಿದರೆ, ಮುಖ್ಯ ಪಾಟ್ (ಗೆದ್ದವರಿಗೆ ಸೇರುವ ಚಿಪ್ ರಾಶಿ) 600. ಉಳಿದ 600 ಆ ಇಬ್ಬರ ನಡುವಿನ ಸೈಡ್ ಪಾಟ್.

ಏಳರಲ್ಲಿ ಐದು: ಹ್ಯಾಂಡ್ ಗುರುತಿಸುವುದು

ಕೈಯ ಎರಡು, ಬೋರ್ಡಿನ (ಮೇಜಿನ ನಡುವೆ ತೆರೆದಿಟ್ಟ) ಐದು, ಒಟ್ಟು ಏಳು ಎಲೆ. ಅವುಗಳಲ್ಲಿ ಅತ್ಯುತ್ತಮ ಐದೇ ನಿಮ್ಮ ಹ್ಯಾಂಡ್. ಕೈಯ ಎರಡನ್ನೂ ಬಳಸಬಹುದು, ಒಂದನ್ನು ಬಳಸಬಹುದು, ಬೋರ್ಡಿನ ಐದನ್ನೇ ಆಡಬಹುದು. ದೊಡ್ಡದರಿಂದ ಚಿಕ್ಕದಕ್ಕೆ ಕ್ರಮ ಹೀಗಿದೆ:

- ರಾಯಲ್ ಫ್ಲಶ್: ಒಂದೇ ಗುರುತಿನ ಎಕ್ಕ, ರಾಜ, ರಾಣಿ, ಜಾಕ್, ಹತ್ತು
- ಸ್ಟ್ರೈಟ್ ಫ್ಲಶ್: ಒಂದೇ ಗುರುತಿನ ಸಾಲಾದ ಐದು
- ಫೋರ್ ಆಫ್ ಎ ಕೈಂಡ್: ಒಂದೇ ಅಂಕಿಯ ನಾಲ್ಕು
- ಫುಲ್ ಹೌಸ್: ಮೂರು ಒಂದು ಅಂಕಿ, ಎರಡು ಇನ್ನೊಂದು ಅಂಕಿ
- ಫ್ಲಶ್: ಒಂದೇ ಗುರುತಿನ ಐದು
- ಸ್ಟ್ರೈಟ್: ಬೇರೆ ಬೇರೆ ಗುರುತಿನ ಸಾಲಾದ ಐದು
- ತ್ರೀ ಆಫ್ ಎ ಕೈಂಡ್
- ಟೂ ಪೇರ್
- ಒನ್ ಪೇರ್
- ಹೈ ಕಾರ್ಡ್

ಈ ಕ್ರಮ ಯಾರೋ ಮನಬಂದಂತೆ ಇಟ್ಟದ್ದಲ್ಲ. 52 ಎಲೆಗಳಿಂದ ಐದನ್ನು ಆರಿಸುವ 25,98,960 ಬಗೆಗಳಲ್ಲಿ ಫ್ಲಶ್ ಆಗುವುದು 5,108, ಸ್ಟ್ರೈಟ್ ಆಗುವುದು 10,200. ಅಪರೂಪವಾದದ್ದು ಮೇಲೆ. ಫ್ಲಶ್ ದೊಡ್ಡದೋ ಸ್ಟ್ರೈಟ್ ದೊಡ್ಡದೋ ಎಂಬ ಗೊಂದಲಕ್ಕೆ ಈ ಎರಡು ಸಂಖ್ಯೆ ಸಾಕು.

ಸ್ಟ್ರೈಟ್‌ನಲ್ಲಿ ಎಕ್ಕ ಮೇಲೂ ನಿಲ್ಲುತ್ತದೆ, ಕೆಳಗೂ ನಿಲ್ಲುತ್ತದೆ: ಎಕ್ಕ-ಎರಡು-ಮೂರು-ನಾಲ್ಕು-ಐದು ನಡೆಯುತ್ತದೆ. ರಾಣಿ-ರಾಜ-ಎಕ್ಕ-ಎರಡು-ಮೂರು ನಡೆಯುವುದಿಲ್ಲ. ಸ್ಪೇಡ್, ಹಾರ್ಟ್, ಡೈಮಂಡ್, ಕ್ಲಬ್ ಇವುಗಳಲ್ಲಿ ಮೇಲು-ಕೀಳಿಲ್ಲ.

ಪಟ್ಟಿ ಕಲಿತವರೂ ತಪ್ಪುವುದು ಐದೇ ಎಲೆ ಎಂಬುದನ್ನು ಮರೆತಾಗ. ಬೋರ್ಡಿನಲ್ಲಿ ಎಕ್ಕ, ರಾಜ, ರಾಣಿ, ಜಾಕ್, ಎಂಟು ಇದೆ. ಗುರುತು ಬೇರೆ ಬೇರೆ. ನಿಮ್ಮ ಬಳಿ ಎಕ್ಕ-ನಾಲ್ಕು, ಎದುರಾಳಿಯ ಬಳಿ ಎಕ್ಕ-ಮೂರು. ನಾಲ್ಕು ದೊಡ್ಡದೆಂದು ಪಾಟ್ ಎಳೆದುಕೊಳ್ಳುವಂತಿಲ್ಲ. ಇಬ್ಬರ ಹ್ಯಾಂಡೂ ಎಕ್ಕ-ಎಕ್ಕ-ರಾಜ-ರಾಣಿ-ಜಾಕ್, ಪಾಟ್ ಸಮಪಾಲು. ಅದೇ ಬೋರ್ಡ್ ಎಕ್ಕ, ರಾಣಿ, ಎಂಟು, ಐದು, ಮೂರು ಆಗಿದ್ದು ಒಬ್ಬರ ಬಳಿ ಎಕ್ಕ-ರಾಜ, ಇನ್ನೊಬ್ಬರ ಬಳಿ ಎಕ್ಕ-ಒಂಬತ್ತು ಇದ್ದರೆ, ಜೋಡಿ ಒಂದೇ ಆದರೂ ಪಕ್ಕದ ರಾಜ ಗೆಲ್ಲಿಸುತ್ತದೆ. ಈ ಪಕ್ಕದ ಎಲೆಗೆ ಕಿಕ್ಕರ್ ಎನ್ನುತ್ತಾರೆ.

ಇನ್ನೊಂದು ನೋಡಿ. ನಿಮ್ಮ ಬಳಿ ಮೂರರ ಜೋಡಿ, ಬೋರ್ಡ್ ರಾಜ-ರಾಜ-ಎಂಟು-ಎಂಟು-ಜಾಕ್. ಮೂರು ಜೋಡಿ ಎಂಬ ಹ್ಯಾಂಡ್ ಇಲ್ಲ. ನಿಮ್ಮದು ರಾಜ, ಎಂಟರ ಜೋಡಿಗಳು ಮತ್ತು ಜಾಕ್. ಕೈಯ ಎರಡೂ ಎಲೆ ವ್ಯರ್ಥ. ಎಕ್ಕ-ಆರು ಹಿಡಿದವರು ಆ ಎಕ್ಕದಿಂದಲೇ ಗೆಲ್ಲುತ್ತಾರೆ.

ಆಟಕ್ಕೆ ಕೂರುವ ಮೊದಲು ಒಬ್ಬರೇ ಮಾಡಬಹುದಾದ ಒಂದು ಅಭ್ಯಾಸವಿದೆ, ನನಗೆ ಇದಕ್ಕಿಂತ ಒಳ್ಳೆಯದು ಗೊತ್ತಿಲ್ಲ. ಕಟ್ಟು ಕಲೆಸಿ, ಮೂರು ಎಲೆ ತೆರೆದು, ಈ ಬೋರ್ಡಿಗೆ ಅತಿ ದೊಡ್ಡ ಹ್ಯಾಂಡ್ ಯಾವುದಿರಬಹುದು ಎಂದು ಹುಡುಕಿ. ಅದಕ್ಕೆ ನಟ್ಸ್ ಎನ್ನುತ್ತಾರೆ. ರಾಣಿ, ಜಾಕ್, ಎಂಟು ಬಂತೆನ್ನಿ, ಮೂರೂ ಬೇರೆ ಗುರುತು: ಹತ್ತು-ಒಂಬತ್ತು ಹಿಡಿದವರ ಸ್ಟ್ರೈಟ್ ಎಲ್ಲಕ್ಕಿಂತ ಮೇಲೆ. ಟರ್ನ್‌ನಲ್ಲಿ ನಾಲ್ಕನೆಯ ಗುರುತಿನ ಮೂರು: ಏನೂ ಬದಲಾಗಲಿಲ್ಲ. ರಿವರ್‌ನಲ್ಲಿ ಇನ್ನೊಂದು ಮೂರು ಬಿತ್ತು. ಈಗ ಆ ಸ್ಟ್ರೈಟನ್ನು ಸೋಲಿಸುವ ಕೈಗಳು ಏಳು ಬಗೆ: ಮೂರು-ಮೂರು, ರಾಣಿ-ರಾಣಿ, ಜಾಕ್-ಜಾಕ್, ಎಂಟು-ಎಂಟು, ರಾಣಿ-ಮೂರು, ಜಾಕ್-ಮೂರು, ಎಂಟು-ಮೂರು. ನೋಡಲು ಯಾವ ಉಪಯೋಗಕ್ಕೂ ಬಾರದ ಒಂದು ಮೂರು ಎಷ್ಟೆಲ್ಲ ಬದಲಿಸಿತು! ಬೋರ್ಡ್ ಜೋಡಿಯಾದಾಗ ಕಣ್ಣು ತಾನಾಗಿಯೇ ಫುಲ್ ಹೌಸ್ ಹುಡುಕುವಂತಾದರೆ ಈ ಅಭ್ಯಾಸ ಫಲಿಸಿತೆಂದೇ ಅರ್ಥ.

ಯಾವ ಎರಡೆಲೆ ಆಡಬೇಕು

ಎರಡೆಲೆಯ ಕೈ 1,326 ಬಗೆಯಲ್ಲಿ ಬರಬಹುದು. ಗುರುತಿನ ಹೆಸರು ಮರೆತು, ಗುರುತು ಒಂದೇ ಆಗಿದೆಯೋ ಇಲ್ಲವೋ ಎಂಬುದನ್ನಷ್ಟೇ ಇಟ್ಟುಕೊಂಡರೆ 169. ಎಕ್ಕದ ಜೋಡಿ ಆರು ಬಗೆಯಲ್ಲಿ ಬರುತ್ತದೆ, ಅಂದರೆ ಸರಾಸರಿ 221 ಡೀಲಿಗೊಮ್ಮೆ. ಯಾವುದಾದರೊಂದು ಜೋಡಿ ಬರುವುದು 17ಕ್ಕೊಮ್ಮೆ. ಜೋಡಿಯಲ್ಲದ ಎರಡೆಲೆಗೆ ಫ್ಲಾಪ್‌ನಲ್ಲಿ ಒಂದು ಜೋಡಿಯಾದರೂ ಸಿಗುವುದು ಮೂರರಲ್ಲಿ ಒಂದು ಸಲ. ಹೆಚ್ಚಿನ ಸಲ ಫ್ಲಾಪ್ ನಿಮಗೆ ಏನನ್ನೂ ಕೊಡುವುದಿಲ್ಲ ಎಂಬುದನ್ನು ಒಪ್ಪಿಕೊಂಡವರಿಗೆ ಫೋಲ್ಡ್ ಮಾಡುವುದು ಕಷ್ಟವಾಗದು.

ಒಂಬತ್ತು ಜನರ ಮೇಜಿನಲ್ಲಿ ಮೊದಲು ಆಡಬೇಕಾದ ಜಾಗದಲ್ಲಿ ಕೂತಿದ್ದರೆ ಒಂಬತ್ತರಿಂದ ಮೇಲಿನ ಜೋಡಿಗಳು, ಎಕ್ಕ-ರಾಜ, ಎಕ್ಕ-ರಾಣಿ, ಒಂದೇ ಗುರುತಿನ ಎಕ್ಕ-ಜಾಕ್ ಮತ್ತು ರಾಜ-ರಾಣಿ, ಇಷ್ಟಕ್ಕೇ ನಿಲ್ಲಿ. ಬಟನ್‌ನಲ್ಲಿದ್ದು ನಿಮ್ಮವರೆಗೆ ಎಲ್ಲರೂ ಫೋಲ್ಡ್ ಮಾಡಿದ್ದರೆ ಎಲ್ಲ ಜೋಡಿ, ಒಂದೇ ಗುರುತಿನ ಎಲ್ಲ ಎಕ್ಕ, ಎರಡು ದೊಡ್ಡ ಎಲೆ, ಒಂಬತ್ತು-ಎಂಟರಂಥ ಒಂದೇ ಗುರುತಿನ ಸಾಲೆಲೆ, ಇವನ್ನೆಲ್ಲ ಆಡಬಹುದು.

ಕೂತ ಜಾಗದಿಂದ ಯಾಕೆ ಇಷ್ಟು ವ್ಯತ್ಯಾಸ? ಬಟನ್‌ನಲ್ಲಿರುವವರು ಫ್ಲಾಪ್, ಟರ್ನ್, ರಿವರ್ ಮೂರೂ ಸುತ್ತಿನಲ್ಲಿ ಕೊನೆಗೆ ಆಡುತ್ತಾರೆ. ಯಾರು ಚೆಕ್ ಮಾಡಿದರು, ಯಾರು ಎಷ್ಟು ಹಾಕಿದರು ಎಂಬುದನ್ನೆಲ್ಲ ನೋಡಿ ಆಡುವ ಅನುಕೂಲ ಅವರದ್ದು. ಬೇಕೆನಿಸಿದರೆ ಚೆಕ್ ಮಾಡಿ ಮುಂದಿನ ಎಲೆಯನ್ನು ಬಿಟ್ಟಿಯಾಗಿ ನೋಡುವ ಅವಕಾಶವೂ ಅವರಿಗೇ. ಹೊಸಬರು ಎಲೆಯ ಪಟ್ಟಿಯನ್ನು ಉರುಹೊಡೆಯುತ್ತಾರೆ, ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮೊದಲ ಜಾಗದಲ್ಲಿ ಎಕ್ಕ-ಹತ್ತು ಬಿಡುವುದು, ಬಟನ್‌ನಲ್ಲಿ ಅದನ್ನೇ ಆಡುವುದು, ಎರಡೂ ಸರಿ.

ಒಂದೇ ಗುರುತು ಎಂಬ ಕಾರಣಕ್ಕೆ ಜಾಕ್-ಮೂರರಂಥ ಕೈ ಆಡಬೇಡಿ. ಒಂದೇ ಗುರುತಿನ ಎರಡೆಲೆಗೆ ಫ್ಲಾಪ್‌ನಲ್ಲೇ ಫ್ಲಶ್ ಕೂಡಿಬರುವ ಸಾಧ್ಯತೆ ಶೇ. 1ಕ್ಕಿಂತ ಕಡಿಮೆ. ಚಿಕ್ಕ ಜೋಡಿಗಳ ವಿಷಯ ಬೇರೆ: ಫ್ಲಾಪ್‌ನಲ್ಲಿ ಮೂರನೆಯದು ಸಿಗುವುದು ಸುಮಾರು ಶೇ. 12 ಸಲ, ಸಿಕ್ಕಾಗ ಎದುರಾಳಿಗೆ ಸುಳಿವೇ ಇರುವುದಿಲ್ಲ. ಇಬ್ಬರ ಬಳಿಯೂ ಸಾಕಷ್ಟು ಚಿಪ್ ಉಳಿದಿದ್ದು ಕಾಲ್ ಅಗ್ಗವಾಗಿದ್ದರೆ ನೋಡಬಹುದು, ಸಿಗದಿದ್ದರೆ ಬಿಟ್ಟುಬಿಡಿ.

ಆಡುವುದೆಂದು ನಿರ್ಧರಿಸಿದ ಮೇಲೆ, ಯಾರೂ ಇನ್ನೂ ಮುಂದೆ ಬಂದಿಲ್ಲದಿದ್ದರೆ, ಬರೀ 10 ಹಾಕಿ ಒಳಬರುವ ಬದಲು 25ಕ್ಕೋ 30ಕ್ಕೋ ರೇಸ್ ಮಾಡಿ. ಎಲ್ಲರೂ ಬಿಟ್ಟರೆ ಬ್ಲೈಂಡ್ ನಿಮ್ಮದೇ. ಒಬ್ಬರು ಬಂದರೂ ಮುಂದಾಳತ್ವ ನಿಮ್ಮ ಕೈಯಲ್ಲಿರುತ್ತದೆ.

ಬೆಲೆಯ ಲೆಕ್ಕ

ನಿಮ್ಮ ಹ್ಯಾಂಡನ್ನು ಗೆಲುವಿಗೆ ತರುವ, ಇನ್ನೂ ಕಾಣದ ಎಲೆಗಳಿಗೆ ಔಟ್ಸ್ ಎನ್ನುತ್ತಾರೆ. ಒಂದೇ ಗುರುತಿನ ನಾಲ್ಕು ಎಲೆ ಇದ್ದರೆ ಫ್ಲಶ್‌ಗೆ ಒಂಬತ್ತು ಔಟ್ಸ್. ಎರಡೂ ತುದಿ ತೆರೆದಿರುವ ಸ್ಟ್ರೈಟ್‌ಗೆ ಎಂಟು. ನಡುವೆ ಒಂದು ಖಾಲಿಯಿದ್ದರೆ ನಾಲ್ಕು. ಒಂದು ಎಲೆ ಬರುವುದಿದ್ದರೆ ಔಟ್ಸನ್ನು 2ರಿಂದ, ಫ್ಲಾಪ್‌ನಲ್ಲೇ ಆಲ್-ಇನ್ ಆಗಿ ಎರಡೂ ಎಲೆ ಖಂಡಿತ ನೋಡುವುದಿದ್ದರೆ 4ರಿಂದ ಗುಣಿಸಿ; ಬರುವುದು ಹೆಚ್ಚುಕಡಿಮೆ ಶೇಕಡಾ ಸಾಧ್ಯತೆ. ಒಂಬತ್ತು ಔಟ್ಸ್‌ಗೆ ಎರಡು ಎಲೆಯಲ್ಲಿ ನಿಜವಾದ ಲೆಕ್ಕ ಶೇ. 35, ಎಂಟಕ್ಕೆ 31.5, ನಾಲ್ಕಕ್ಕೆ 16.5.

ಇನ್ನು ಬೆಲೆ. ಎದುರಾಳಿ ಪಾಟ್‌ನ ಅರ್ಧದಷ್ಟು ಬೆಟ್ ಮಾಡಿದರೆ ಕಾಲ್ ಮಾಡಲು ನಿಮಗೆ ಕನಿಷ್ಠ ಶೇ. 25 ಗೆಲುವಿನ ಸಾಧ್ಯತೆ ಬೇಕು. ಪಾಟ್‌ನಷ್ಟೇ ಮಾಡಿದರೆ ಶೇ. 33. ಮೂರರಲ್ಲೊಂದು ಪಾಲಾದರೆ ಶೇ. 20. ಈ ಮೂರು ಸಂಖ್ಯೆ ನೆನಪಿದ್ದರೆ ಮೇಜಿನಲ್ಲಿ ಹೆಚ್ಚಿನ ಸಲ ಸಾಕಾಗುತ್ತದೆ.

ಒಂದು ಡೀಲನ್ನು ಮೊದಲಿಂದ ಕೊನೆಯವರೆಗೆ ನೋಡೋಣ. ಎಲ್ಲರ ಮುಂದೆಯೂ 1,000 ಚಿಪ್. ನೀವು ಬಟನ್, ಕೈಯಲ್ಲಿ ಹಾರ್ಟ್ ಎಕ್ಕ ಮತ್ತು ಹಾರ್ಟ್ ಹತ್ತು. ಎಲ್ಲರೂ ಬಿಟ್ಟರು, ನೀವು 25ಕ್ಕೆ ರೇಸ್. ಸ್ಮಾಲ್ ಬ್ಲೈಂಡ್ ಫೋಲ್ಡ್, ಬಿಗ್ ಬ್ಲೈಂಡ್ ಕಾಲ್. ಪಾಟ್ 55.

ಫ್ಲಾಪ್: ಹಾರ್ಟ್ ರಾಜ, ಹಾರ್ಟ್ ಏಳು, ಕ್ಲಬ್ ನಾಲ್ಕು. ಎದುರಾಳಿ ಚೆಕ್. ನಿಮಗೆ ಇನ್ನೂ ಜೋಡಿಯೂ ಇಲ್ಲ, ಆದರೂ 30 ಬೆಟ್ ಮಾಡುವುದು ಒಳ್ಳೆಯದು. ಅವರು ಬಿಟ್ಟರೆ ಪಾಟ್ ಅಲ್ಲೇ ನಿಮ್ಮದು. ಬಿಡದಿದ್ದರೂ ಫ್ಲಶ್ ಬರುವ ದಾರಿ ತೆರೆದಿದೆ. ಇಂಥ ಬೆಟ್‌ಗೆ ಸೆಮಿ-ಬ್ಲಫ್ ಎನ್ನುತ್ತಾರೆ, ಹೊಸಬರು ಕಲಿಯಬೇಕಾದ ಮೊದಲ ಬ್ಲಫ್ (ದೊಡ್ಡ ಹ್ಯಾಂಡ್ ಇಲ್ಲದೆಯೂ ಇದ್ದಂತೆ ಬೆಟ್ ಮಾಡುವುದು) ಇದೇ. ಅವರು ಕಾಲ್ ಮಾಡಿದರು. ಪಾಟ್ 115.

ಟರ್ನ್: ಸ್ಪೇಡ್ ಎರಡು. ಈ ಸಲ ಎದುರಾಳಿಯೇ 60 ಬೆಟ್ ಮಾಡಿದರು. ಪಾಟ್ 175 ಆಯಿತು. ನೀವು 60 ಹಾಕಿದರೆ 235. ಹಾಗಾದರೆ ನಿಮಗೆ ಬೇಕಾದ ಸಾಧ್ಯತೆ 235ರಲ್ಲಿ 60, ಅಂದರೆ ಶೇ. 25.5. ಕಾಣದ 46 ಎಲೆಗಳಲ್ಲಿ ಒಂಬತ್ತು ಹಾರ್ಟ್, ಶೇ. 19.6. ಮೇಲ್ನೋಟಕ್ಕೆ ಬೆಲೆ ದುಬಾರಿ.

ಇಲ್ಲಿ ಅವಸರದಿಂದ ಎಲೆ ಬಿಸಾಡಬೇಡಿ. ಎದುರಾಳಿಯ ಬಳಿ ರಾಜನ ಜೋಡಿ ಮಾತ್ರ ಇದ್ದರೆ ಉಳಿದ ಮೂರು ಎಕ್ಕಗಳೂ ನಿಮ್ಮ ಔಟ್ಸ್, ಹನ್ನೆರಡಾದರೆ ಶೇ. 26, ಅಲ್ಲಿಗೆ ಬೆಲೆ ಸರಿಹೋಯಿತು. ಅವರ ಬಳಿ ಟೂ ಪೇರ್ ಅಥವಾ ಎಕ್ಕ-ರಾಜ ಇದ್ದರೆ ಆ ಎಕ್ಕಗಳು ಕೆಲಸಕ್ಕೆ ಬಾರವು. ಹಾಗಾಗಿ ಒಂಬತ್ತನ್ನೇ ಹಿಡಿದು ಲೆಕ್ಕ ಹಾಕೋಣ. 46 ಸಲ ಕಾಲ್ ಮಾಡಿದಿರೆನ್ನಿ. 37 ಸಲ 60 ಕಳೆದುಕೊಂಡರೆ 2,220. ಒಂಬತ್ತು ಸಲ 175 ಗಳಿಸಿದರೆ 1,575. ಕೊರತೆ 645; ಗೆದ್ದ ಒಂಬತ್ತು ಸಲಕ್ಕೆ ಹಂಚಿದರೆ ತಲಾ 72. ಹಾರ್ಟ್ ಬಿದ್ದಾಗ ರಿವರ್‌ನಲ್ಲಿ ಸರಾಸರಿ 72 ಚಿಪ್ ಹೆಚ್ಚಿಗೆ ಸಿಕ್ಕರೆ ಈ ಕಾಲ್ ನಷ್ಟವಲ್ಲ. 235ರ ಪಾಟ್‌ನಲ್ಲಿ, ಇಬ್ಬರ ಮುಂದೆಯೂ 885 ಚಿಪ್ ಇರುವಾಗ 72 ಹೊರಡಿಸುವುದು ಕಷ್ಟವೇನಲ್ಲ. ಕಾಲ್ ಮಾಡಿ. ಇಬ್ಬರಲ್ಲಿ ಒಬ್ಬರ ಬಳಿ 40 ಚಿಪ್ ಮಾತ್ರ ಉಳಿಯುವಂತಿದ್ದು, ಎಕ್ಕಗಳ ಮೇಲೂ ನಂಬಿಕೆ ಇಲ್ಲದಿದ್ದರೆ ಅದೇ ಎಲೆಗೆ ಫೋಲ್ಡ್ ಸರಿ.

ಇನ್ನೊಂದು ಸೂಕ್ಷ್ಮ: ಆ ಒಂಬತ್ತರಲ್ಲಿ ಹಾರ್ಟ್ ಎರಡು ಅಥವಾ ಹಾರ್ಟ್ ನಾಲ್ಕು ಬಂದರೆ ಬೋರ್ಡ್ ಜೋಡಿಯಾಗುತ್ತದೆ. ಟೂ ಪೇರ್ ಅಥವಾ ಒಂದೇ ಅಂಕಿಯ ಮೂರೆಲೆ ಹಿಡಿದವರಿಗೆ ಅದೇ ಎಲೆ ಫುಲ್ ಹೌಸ್ ತಂದುಕೊಡಬಹುದು. ಅವೆರಡು ಪೂರ್ತಿ ಔಟ್ಸ್ ಅಲ್ಲ.

ರಿವರ್: ಹಾರ್ಟ್ ಒಂಬತ್ತು. ಬೋರ್ಡ್ ಜೋಡಿಯಾಗಿಲ್ಲ, ಎಕ್ಕದ ಫ್ಲಶ್ ನಿಮ್ಮದು; ಇದನ್ನು ಸೋಲಿಸುವ ಹ್ಯಾಂಡ್ ಇಲ್ಲ. ಎದುರಾಳಿ ಚೆಕ್. ನೀವೂ ಚೆಕ್ ಮಾಡಿದರೆ ಟರ್ನ್‌ನಲ್ಲಿ ಕೊಟ್ಟ ಬೆಲೆ ವಸೂಲಾಗುವುದಿಲ್ಲ. 140-150 ಬೆಟ್ ಮಾಡಿ. ರಾಜ-ರಾಣಿ ಹಿಡಿದವರು ಅದಕ್ಕೆ ಎಷ್ಟೋ ಸಲ ಕಾಲ್ ಮಾಡುತ್ತಾರೆ. ಹಾರ್ಟ್ ಬಾರದೆ ಕಪ್ಪೆಲೆ ಬಿದ್ದಿದ್ದರೆ? ಎದುರಾಳಿಯ ಬೆಟ್‌ಗೆ ಫೋಲ್ಡ್. ಆಗಲೂ ಟರ್ನ್‌ನ ಕಾಲ್ ಸರಿಯಾದ ಕಾಲೇ.

ಬ್ಲಫ್ ಯಾವಾಗ

ಬ್ಲಫ್‌ಗೂ ಬೆಲೆಯಿದೆ. ಪಾಟ್‌ನ ಅರ್ಧ ಹಾಕಿ ಬ್ಲಫ್ ಮಾಡಿದರೆ ಮೂರರಲ್ಲಿ ಒಂದು ಸಲ ಎದುರಾಳಿ ಬಿಟ್ಟರೂ ನಷ್ಟವಿಲ್ಲ. ಪಾಟ್‌ನಷ್ಟೇ ಹಾಕಿದರೆ ಎರಡರಲ್ಲೊಂದು ಸಲ ಬಿಡಬೇಕು. ಆದ್ದರಿಂದ ಯಾರ ಮೇಲೆ ಬ್ಲಫ್ ಎಂಬುದು ಮೊದಲ ಪ್ರಶ್ನೆ. ಏನಿದ್ದರೂ ಕಾಲ್ ಮಾಡುವವರ ಮೇಲೆ ಬ್ಲಫ್ ಮಾಡಬಾರದು. ಅವರ ವಿರುದ್ಧ ಒಳ್ಳೆಯ ಹ್ಯಾಂಡ್ ಸಿಕ್ಕಾಗ ದೊಡ್ಡದಾಗಿ ಬೆಟ್ ಮಾಡುವುದೇ ದಾರಿ. ನಿಮ್ಮ ಬ್ಲಫ್‌ಗೆ ಒಂದು ಕತೆಯೂ ಇರಬೇಕು: ಫ್ಲಾಪ್, ಟರ್ನ್‌ಗಳಲ್ಲಿ ಚೆಕ್ ಮಾಡಿ ರಿವರ್‌ನಲ್ಲಿ ದಿಢೀರನೆ ದೊಡ್ಡ ಬೆಟ್ ಮಾಡಿದರೆ, ನಿಮ್ಮ ಬಳಿ ಇದೆ ಎಂದು ತೋರಿಸಲು ಹೊರಟಿರುವ ಹ್ಯಾಂಡನ್ನು ಯಾರಾದರೂ ನಿಜವಾಗಿ ಹಾಗೆ ಆಡುತ್ತಾರೆಯೇ ಎಂದು ಕೇಳಿಕೊಳ್ಳಿ. ಮುಖ, ಕೈನಡುಕ ಇವುಗಳಿಗಿಂತ ಬೆಟ್‌ಗಳ ಕ್ರಮವೇ ಹೆಚ್ಚು ಹೇಳುತ್ತದೆ.

ಮೇಜಿನ ಶಿಸ್ತು

ನಿಮ್ಮ ಸರದಿ ಬರುವ ಮೊದಲು ಎಲೆ ಬಿಡುವುದು, ಬೆಟ್ ಹೇಳುವುದು ಬೇಡ, ನಡುವಿನವರಿಗೆ ಅನ್ಯಾಯವಾಗುತ್ತದೆ. ರೇಸ್ ಮಾಡುವಾಗ ಬಾಯಲ್ಲಿ ಮೊತ್ತ ಹೇಳಿ, ಇಲ್ಲವೇ ಚಿಪ್‌ಗಳನ್ನು ಒಂದೇ ಸಲಕ್ಕೆ ಮುಂದಿಡಿ. ಸ್ವಲ್ಪ ಹಾಕಿ, ಮುಖ ನೋಡಿ, ಮತ್ತೆ ಸೇರಿಸುವಂತಿಲ್ಲ. ಡೀಲ್ ಮುಗಿಯುವವರೆಗೆ ನೀವು ಬಿಟ್ಟ ಎಲೆ ಯಾವುದೆಂದು ಹೇಳಬೇಡಿ. ಕೊನೆಯಲ್ಲಿ ಎರಡೂ ಎಲೆಯನ್ನು ತೆರೆದು ಮೇಜಿನ ಮೇಲಿಡಿ. ಬಾಯಲ್ಲಿ ಏನು ಹೇಳಿದರೂ ಎಲೆ ಹೇಳಿದ್ದೇ ಅಂತಿಮ.

ಅಭ್ಯಾಸದ ಕ್ರಮ

ಗೆಳೆಯರೊಡನೆ ಮೊದಲ ಸಲ ಕೂತಾಗ ಕೆಲವು ಡೀಲ್‌ಗಳನ್ನು ಎಲ್ಲರ ಎಲೆಯೂ ತೆರೆದಿಟ್ಟೇ ಆಡಿ. ಪ್ರತಿ ಸುತ್ತಿನಲ್ಲಿ ಯಾರು ಮುಂದಿದ್ದಾರೆ, ಹಿಂದಿರುವವರಿಗೆ ಎಷ್ಟು ಔಟ್ಸ್ ಎಂದು ಎಲ್ಲರೂ ಸೇರಿ ಎಣಿಸಿ. ಎಕ್ಕದ ಜೋಡಿ ರಾಜನ ಜೋಡಿಯ ಎದುರು ಶೇ. 82 ಸಲ ಮಾತ್ರ ಗೆಲ್ಲುತ್ತದೆ ಎಂಬುದನ್ನು ಓದುವುದಕ್ಕೂ, ಕಣ್ಣೆದುರೇ ಐದರಲ್ಲಿ ಒಂದು ಸಲ ಸೋಲುವುದನ್ನು ನೋಡುವುದಕ್ಕೂ ಬಹಳ ಅಂತರವಿದೆ. ಹಾಗೆ ಸೋತ ಕೂಡಲೇ ಸೇಡಿಗೆ ಬಿದ್ದವರಂತೆ ಸಿಕ್ಕಿದ ಎಲೆಯನ್ನೆಲ್ಲ ಆಡುವುದಕ್ಕೆ ಟಿಲ್ಟ್ ಎನ್ನುತ್ತಾರೆ. ಅದು ಶುರುವಾದಂತೆ ಕಂಡರೆ ಎದ್ದು ಹೋಗಿ ಒಂದು ಸುತ್ತು ತಿರುಗಿ ಬನ್ನಿ.

ಆಮೇಲೆ ಮುಚ್ಚಿದ ಎಲೆಯ ಆಟ. ಪ್ರತಿ ಸಲವೂ ನಿಮಗೆ ಗೊಂದಲ ತಂದ ಒಂದೆರಡು ಡೀಲ್‌ಗಳನ್ನು ಬರೆದಿಟ್ಟುಕೊಳ್ಳಿ: ಕೂತ ಜಾಗ, ಎರಡೆಲೆ, ಬೋರ್ಡ್, ಪ್ರತಿ ಸುತ್ತಿನ ಪಾಟ್, ಕೇಳಿದ ಮೊತ್ತ, ನೀವು ಮಾಡಿದ್ದು. ಗೆದ್ದಿರೋ ಸೋತಿರೋ ಎಂಬುದನ್ನು ಬರೆಯಬೇಡಿ. ಮರುದಿನ ಮೇಲಿನ ಹಾರ್ಟ್ ಎಕ್ಕ-ಹತ್ತರ ಡೀಲಿನಂತೆ ಕೂತು ಲೆಕ್ಕ ಹಾಕಿ, ಕಾಲ್ ಮಾಡಿದ್ದಕ್ಕೂ ಬಿಟ್ಟದ್ದಕ್ಕೂ ಬೆಲೆ ತಾಳೆಯಾಗುತ್ತದೆಯೇ ನೋಡಿ.